ಕಡೆಯ ಗದ್ದೆಯ ಹೆಸರು

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮ ತಲೆಗೆ ತುಂಬಿದ್ದು ಪ್ರೇಯರ್ ಮತ್ತು ಗ್ರಾಮರ್. ಸೂಪರ್‌ಸ್ಟಿಷನ್ನಿಗೆ ಅಲ್ಲಿ ಜಾಗವಿರಲಿಲ್ಲ. ಯಾರಾದರೂ ಇಂಥ ಕತೆ ಶುರುಮಾಡಿದರೆ “ನಾನ್‌ಸೆನ್ಸ್” ಎಂದು ಎದ್ದುಹೋಗುತ್ತಿದ್ದೆ. ಈಗ ನೀವು ಹಾಗೆ ಎದ್ದುಹೋದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಎಗ್ಮೋರಿನ ಬಾಡಿಗೆ ಮನೆ ಬಿಟ್ಟು ಪೆರುಂಗುಡಿಯಿಂದಾಚೆಗಿನ ಹೊಸ ಫ್ಲಾಟಿಗೆ ಬಂದೆವು. ಮೊದಲು ಅದೊಂದು ಪುಟ್ಟ ಹಳ್ಳಿಯಂತೆ. ಒಂದು ಕೆರೆ, ಅದರ ಕೆಳಗೆ ಭತ್ತದ ಗದ್ದೆಗಳು. ನಾವು ಬರುವಷ್ಟರಲ್ಲಿ ಕಾಂಪೌಂಡು, ಟ್ರಾನ್ಸ್‌ಫಾರ್ಮರು, ಟಾರು ರಸ್ತೆ ಬಿಟ್ಟರೆ ಬೇರೇನೂ ಇರಲಿಲ್ಲ.

ನಮ್ಮವರು ಅಂಬತ್ತೂರಿನ ಫ್ಯಾಕ್ಟರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ರಿಟೈರ್ ಆದವರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮನೆತನ. ಭತ್ತದ ಪೈರಿಗೂ ಲಾನಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಎರಡನೆಯ ವರ್ಷ ಅವರಿಗೆ ಮರೆವಿನ ಕಾಯಿಲೆ ಹತ್ತಿತು. ನನ್ನ ಹೆಸರು ಹೋಯಿತು, ಮಗಳ ಹೆಸರೂ ಹೋಯಿತು.

ಒಂದು ಬೆಳಿಗ್ಗೆ ಬ್ಯಾಲ್ಕನಿಯಲ್ಲಿ ಕುಳಿತಿದ್ದವರು ಇದ್ದಕ್ಕಿದ್ದಂತೆ, “ನಾವಲಡಿ ತುಂಬ್ತು. ಇನ್ನು ಕೋಯಿಲ್‌ಕಾಣಿಗೆ ತಿರುಗ್ಸು,” ಎಂದರು. ಬಾಗಿಲಲ್ಲಿ ಮಲ್ಲಿಗೆ ಮೊಳ ಹಾಕುತ್ತಿದ್ದ ಹೂವಿನ ಕನ್ನಿಯಮ್ಮನ ಕೈ ನಿಂತುಬಿಟ್ಟಿತು. ಅವಳು ಅದೇ ಹಳ್ಳಿಯವಳು. “ಅಯ್ಯಾವುಕ್ಕು ಎಪ್ಪಡಿಮ್ಮಾ ತೆರಿಯುಂ?” ಅಯ್ಯನಿಗೆ ಹೇಗೆ ಗೊತ್ತು ಎಂದು ನನ್ನನ್ನೇ ಕೇಳಿದಳು.

ಅವು ನಮ್ಮ ಕಟ್ಟಡಗಳ ಕೆಳಗೆ ಹೂತುಹೋದ ಗದ್ದೆಗಳ ಹೆಸರು. ನೀರಗಂಟಿ ಕೆರೆಯ ತೂಬು ಎತ್ತಿದರೆ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ನೀರು, ಸರದಿ ತಪ್ಪುವಂತಿಲ್ಲ. ದಾಖಲೆಗಳಲ್ಲಿ ಸರ್ವೆ ನಂಬರ್ ಇದ್ದೀತು, ಈ ಹೆಸರುಗಳು ಉಳುವವರ ಬಾಯಲ್ಲಿ ಮಾತ್ರ. ಇವಳೇ ಎಂದೋ ಹೇಳಿರಬೇಕೆಂದು ನಾನು ಗದರಿಸಿದೆ. ಮಕ್ಕಳ ಮೇಲೆ ಆಣೆಯಿಟ್ಟಳು.

ಆಮೇಲೆ ನಾಲ್ಕೈದು ದಿನಕ್ಕೊಂದು ಹೆಸರು. ಒಂದನ್ನೂ ಬಿಡಲಿಲ್ಲ, ಹಿಂದುಮುಂದು ಮಾಡಲಿಲ್ಲ. ಕನ್ನಿಯಮ್ಮ ಹೂ ಮಾರಿ ಮುಗಿಸಿ ಬಂದು ಹೊಸ್ತಿಲಲ್ಲಿ ಕೂರತೊಡಗಿದಳು. ಸರದಿಯಲ್ಲಿ ಹನ್ನೆರಡನೆಯದು, ಕಟ್ಟಕಡೆಯದು, ಅವಳಪ್ಪ ಗೇಣಿಗೆ ಉಳುತ್ತಿದ್ದ ಗದ್ದೆ. ಪತ್ರವಿಲ್ಲ. ಮಾರುವಾಗ ಒಡೆಯರು ಅವನನ್ನು ಕೇಳಲೂ ಇಲ್ಲ. “ಆಯಾ, ನೀನು ಜಮೀನ್ದಾರಿಣಿಯಾ? ಎಲ್ಲಿ, ಪೇಪರ್ ತೋರ್ಸು” ಎಂದು ಮೊಮ್ಮಕ್ಕಳು ಅಜ್ಜಿಯನ್ನು ಹಂಗಿಸುತ್ತಿದ್ದರಂತೆ.

“ಅಯ್ಯ ಒಂದೇ ಒಂದು ಸಲ ಹೇಳಲಿ ಅಮ್ಮಾ. ಹುಡುಗರನ್ನು ಕರೆತಂದು ಕೇಳಿಸ್ತೀನಿ,” ಎಂದಳು.

“ಆದ್ರೆ ನೀನು ಮೊದಲೇ ಬಾಯಿ ಬಿಡಬಾರದು, ಚೀಟಿಂಗ್ ಆಗುತ್ತೆ,” ಎಂದೆ. ಅವಳು ಎಷ್ಟು ನಿಯತ್ತಿನವಳೆಂದರೆ, ಆ ಹೆಸರನ್ನು ನನಗೂ ಹೇಳಲಿಲ್ಲ.

ಹನ್ನೊಂದನೆಯದು ಉಪ್ಪುಮೇಡು. ಅದನ್ನು ಹೇಳಿದ ದಿನ ಇವರು ಬಹಳ ದಣಿದಿದ್ದರು. ಮಾರನೆಯ ದಿನದಿಂದ ಕನ್ನಿಯಮ್ಮ ಮೊಮ್ಮಕ್ಕಳಿಬ್ಬರನ್ನೂ ತಲೆಬಾಚಿ ಕರೆತಂದು ಕೂರಿಸಿಕೊಂಡಳು. ಮೂರು ದಿನ ಹಾಗೇ ಕಾದರು. ನಾಲ್ಕನೆಯ ದಿನ ಜ್ವರ ಏರಿ ಇವರನ್ನು ಆಸ್ಪತ್ರೆಗೆ ಸೇರಿಸಿದೆವು. ಮತ್ತೆ ಮಾತು ಬರಲೇ ಇಲ್ಲ. ವಾರದೊಳಗೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಕನ್ನಿಯಮ್ಮ ಬಂದಳು. ಎಂದಿನಂತೆ ಹೊಸ್ತಿಲಲ್ಲಿ ಕುಳಿತು, “ಆಗಲೂ ಹೀಗೇ ಅಮ್ಮಾ. ನೀರು ಉಪ್ಪುಮೇಡಿನ ತನಕ ಬಂದು ನಿಂತುಹೋಗ್ತಿತ್ತು. ಅಪ್ಪ ಬದುವಿನ ಮೇಲೆ ಕೂತು ನೋಡ್ತಾನೇ ಇರೋನು,” ಎಂದಳು.

ಈಗಲಾದರೂ ಹೆಸರು ಹೇಳು ಎಂದು ಅವಳ ಕೈ ಹಿಡಿದುಕೊಂಡೆ. ತಲೆಯಾಡಿಸಿದಳು. “ನಾನು ಹೇಳಿದರೆ ಅದು ನನ್ನ ಮಾತೇ ಆಗುತ್ತೆ, ಅಲ್ವಾ ಅಮ್ಮಾ?”

ಎರಡು ವರ್ಷದ ಹಿಂದೆ ಅವಳೂ ಹೋದಳು. ಮೊಮ್ಮಕ್ಕಳನ್ನು ವಿಚಾರಿಸಿದೆ. ಅವರಿಗೆ ಗೊತ್ತಿಲ್ಲ. ಮದ್ರಾಸಿನಾಚೆ ಒಂದು ದಿನವೂ ಕೆಸರು ತುಳಿಯದ ನಮ್ಮವರ ಬಾಯಿಗೆ ಆ ಹನ್ನೊಂದು ಹೆಸರು ಎಲ್ಲಿಂದ ಬಂದವೋ ನನಗೆ ಇಂದಿಗೂ ತಿಳಿಯದು. ಹನ್ನೆರಡನೆಯದು ಏನಿತ್ತು ಎಂಬುದನ್ನು ಕೇಳಲು ಈಗ ಯಾರೂ ಉಳಿದಿಲ್ಲ.