ತಲುಪದ ಕಾಗದಕ್ಕೆ ಹೂಂಗುಟ್ಟಿದವರು

ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಕಥೆ ತೆಗೆದರೆ ನಾನು ಮೆಲ್ಲಗೆ ಎದ್ದು ಕಾಫಿಗೆ ನೀರಿಡಲು ಹೋಗುತ್ತಿದ್ದೆ. ವಾದ ಮಾಡುವಷ್ಟು ಆಸಕ್ತಿಯೂ ನನಗಿರಲಿಲ್ಲ. ಈಗಲೂ ಅದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ನನಗಿಂತ ನೀವೇ ವಾಸಿ.

ಆಗ ನಾನು ಜಕ್ಕೂರಿನ ಹಳೆಯ ಊರೊಳಗೆ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅದಕ್ಕೆ ಮೊದಲು ಎಷ್ಟೋ ವರ್ಷ ನಾನೂ ನನ್ನ ಅಕ್ಕನೂ ಅಲ್ಲೇ ಒಟ್ಟಿಗಿದ್ದೆವು. ಇಬ್ಬರೂ ಮದುವೆಯಾದವರಲ್ಲ. ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಕೆಳಗೆ ಮನೆಯ ಓನರ್ ಜಯಮ್ಮ ಇದ್ದರು, ಆ ಊರಿನ ಹಳೆಯ ಮನೆತನದವರು. ಮಳೆ ಬಂದರೆ ಒಣಗಿಸಿದ ಬಟ್ಟೆ ತೆಗೆದಿಡುತ್ತಿದ್ದರು, ನೀರು ಬರದಿದ್ದರೆ ಕೂಗಿ ಹೇಳುತ್ತಿದ್ದರು. ನಮ್ಮ ಮಾತುಕತೆ ಅಷ್ಟಕ್ಕೇ ಮುಗಿಯುತ್ತಿತ್ತು. ಎಷ್ಟೋ ಭಾನುವಾರ ಬೆಳಗಿನಿಂದ ಸಂಜೆಯ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳಬೇಕಾದರೆ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಪತ್ರಾಗಾರವೊಂದರಲ್ಲಿ ಹಳೆಯ ಕಾಗದಗಳನ್ನು ಓದಿ, ಈಗಿನವರಿಗೆ ತಿಳಿಯುವಂತೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಒಂದು ಸಲ ನನ್ನ ಪಾಲಿಗೆ ಹತ್ತೊಂಬತ್ತನೇ ಶತಮಾನದ ಒಂದು ಕಟ್ಟು ಬಂತು. ಯಲಹಂಕದ ಕಡೆಯ ಒಬ್ಬ ಹೆಂಗಸು, ದಂಡಿನ ಎತ್ತುಗಳನ್ನು ನೋಡಿಕೊಳ್ಳಲು ರಂಗೂನಿಗೆ ಹೋದ ತಮ್ಮನಿಗೆ ಬರೆಸಿದ ಕಾಗದಗಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಐಗಳು ಬರೆದುಕೊಟ್ಟಿದ್ದರು. ಒಂದೂ ಅವನಿಗೆ ತಲುಪಿರಲಿಲ್ಲ. ಎಲ್ಲವೂ ಹಿಂದಕ್ಕೆ ಬಂದು ಯಾವುದೋ ಕಚೇರಿಯ ಬೀರುವಿನಲ್ಲಿ ಉಳಿದುಬಿಟ್ಟಿದ್ದವು. ಅವನು ಏನಾದ ಎಂಬುದು ಎಲ್ಲೂ ಇರಲಿಲ್ಲ.

ಆ ಕಾಲದ ಬರವಣಿಗೆಯಲ್ಲಿ ಪದ ಪದದ ನಡುವೆ ಜಾಗ ಬಿಡುತ್ತಿರಲಿಲ್ಲ. ಗಟ್ಟಿಯಾಗಿ ಓದಿದರೆ ಮಾತ್ರ ಎಲ್ಲಿ ಒಂದು ಮಾತು ಮುಗಿಯಿತು ಎಂಬುದು ಕಿವಿಗೆ ತಿಳಿಯುತ್ತದೆ. ಕಚೇರಿಯಲ್ಲಿ ಹಾಗೆ ಓದಲು ಸಂಕೋಚ. ಒಂದು ಕಾಗದದ ನಕಲನ್ನು ಮನೆಗೆ ತಂದೆ.

ಭಾನುವಾರ ಸಂಜೆ. ಊರ ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ವಿಮಾನಗಳ ಸದ್ದು ನಿಂತಿತ್ತು, ಇನ್ನೂ ದೀಪ ಹಾಕಿರಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಓದತೊಡಗಿದೆ. "ಚಿರಂಜೀವಿ ಮುನಿಯನಿಗೆ ಅಕ್ಕ ಮಾಡುವ ಆಶೀರ್ವಾದ. ಕೆರೆ ತುಂಬಿ ಕೋಡಿ ಬಿದ್ದಿದೆ."

"ಹೂಂ" ಎಂದು ಕೇಳಿಸಿತು.

ಬೀದಿಯಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಿರಬೇಕು ಅಂದುಕೊಂಡು ಮುಂದಕ್ಕೆ ಓದಿದೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಹೂಂ. ನಿನ್ನ ಕಂಬಳಿಯನ್ನು ಯಾರು ಕೇಳಿದರೂ ಕೊಟ್ಟಿಲ್ಲ. ಹೂಂ. ದನಿ ಗಂಡಸಿನದು, ಬೀದಿಯಿಂದ ಬರುತ್ತಿರಲಿಲ್ಲ. ನಡುಮನೆಯ ಗೋಡೆಯ ಹತ್ತಿರ, ನೆಲದ ಮೇಲೆ ಯಾರೋ ಕೂತು ಕೇಳುತ್ತಿರುವ ಹಾಗೆ ಬರುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ನಾನು ನೋಡಿದೆ, ನೋಡಿಯೂ ಓದಿದೆ. ಯಾಕೆ ಎದ್ದು ಓಡಲಿಲ್ಲ ಎಂದು ನೀವು ಕೇಳಬಹುದು. ನಾನು ಆಡಿದ ಮಾತಿಗೆ ಯಾರಾದರೂ ಹೂಂ ಎಂದು ಎಷ್ಟೋ ಕಾಲವಾಗಿತ್ತು. ಅದಕ್ಕಿಂತ ಬೇರೆ ಕಾರಣ ನನಗೆ ತೋಚುವುದಿಲ್ಲ.

ಕಾಗದದ ಎರಡನೇ ಹಾಳೆ ಕಳೆದುಹೋಗಿತ್ತು. "ಮೊನ್ನೆ ನಮ್ಮ ಮನೆಗೆ" ಎಂಬಲ್ಲಿಗೆ ಬರವಣಿಗೆ ನಿಂತಿತ್ತು. ನಾನೂ ನಿಲ್ಲಿಸಿದೆ.

ಸ್ವಲ್ಪ ಹೊತ್ತಾದ ಮೇಲೆ ಆ ದನಿ ಕೇಳಿತು: "ಆಮೇಲೆ?"

ಇಲ್ಲದ್ದನ್ನು ಹೇಗೆ ಓದುವುದು? ಇಷ್ಟೇ ಇರೋದು ಎಂದು ಹೇಳಲು ಮನಸ್ಸಾಗಲಿಲ್ಲ. ನನ್ನ ಅಕ್ಕನ ಸುದ್ದಿ ಹೇಳತೊಡಗಿದೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಅವಳು ನನ್ನ ಕೈ ಹಿಡಿದುಕೊಂಡು, ಬಾಗಿಲು ಹಾಕಿ ಬಂದಿದೀಯ ತಾನೇ ಎಂದು ಮತ್ತೆ ಮತ್ತೆ ಕೇಳಿದ್ದು. ಹೂಂ. ಅವಳು ಹೋದ ಮೇಲೆಯೂ ನಾನು ಎರಡು ಲೋಟ ಕಾಫಿ ಬೆರೆಸಿದ್ದು, ಹೆಚ್ಚಾದದ್ದನ್ನು ನಿಂತುಕೊಂಡು ನಾನೇ ಕುಡಿದದ್ದು. ಹೂಂ. ಯಾರ ಮುಂದೆಯೂ ಆಡದಿದ್ದ ಮಾತೆಲ್ಲ ಬಂತು. ಯಾವಾಗಲೋ ಆ ಕಡೆಯಿಂದ ಹೂಂ ನಿಂತುಹೋಗಿತ್ತು. ಎದ್ದು ದೀಪ ಹಾಕಿದಾಗ ನನ್ನ ಸೆರಗು ಒದ್ದೆಯಾಗಿತ್ತು.

ಮಾರನೆಯ ಬೆಳಿಗ್ಗೆ ಮೆಟ್ಟಿಲಿಳಿದಾಗ ಜಯಮ್ಮ ರಂಗೋಲಿ ಹಾಕುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ನೆನ್ನೆ ಏನೋ ಓದ್ತಿದ್ರಲ್ಲ ಮೇಡಂ, ಚೆನ್ನಾಗಿತ್ತು. ಆದ್ರೆ ಒಂದೊಂದು ಮಾತಿಗೂ ಯಾಕ್ ನಿಲ್ಲಿಸ್ತಿದ್ರಿ? ಎದುರಿಗೆ ಯಾರೋ ಕೂತವ್ರೆ, ಅವ್ರಿಗೆ ಏಳ್ತಾವ್ರೆ ಅನ್ನಂಗಿತ್ತು."

ಬೇರೆ ದನಿ ಏನಾದರೂ ಕೇಳಿಸಿತೇ ಎಂದೆ.

"ಇಲ್ವಲ್ಲ, ನಿಮ್ದೊಂದೇ," ಎಂದು ಅವರು ಚುಕ್ಕಿ ಇಡಲು ಬಗ್ಗಿದರು.

ಆಮೇಲೆ ಆ ಕಟ್ಟಿನ ಉಳಿದ ಕಾಗದಗಳನ್ನೆಲ್ಲ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಯಾರೂ ಏನೂ ಅನ್ನಲಿಲ್ಲ. ಕಳೆದ ಹಾಳೆಗಾಗಿ ಪತ್ರಾಗಾರವನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಸಂಜಯನಗರದಲ್ಲಿ ಡಾಕ್ಟರಾಗಿರುವ ಗೆಳತಿಯೊಬ್ಬಳಿಗೆ ಮಾತ್ರ ಇದನ್ನು ಹೇಳಿದ್ದೇನೆ. ಒಂಟಿಯಾಗಿದ್ದವರಿಗೆ ಹೀಗಾಗುವುದುಂಟು, ಬೇಕಾದ್ದನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ ಎಂದಳು. ತಿಳಿದವಳು, ನನ್ನ ಒಳ್ಳೆಯದಕ್ಕೇ ಹೇಳಿದಳು. ನಾನೂ ಎಷ್ಟೋ ದಿನ ಅದನ್ನೇ ನಂಬಲು ನೋಡಿದೆ.

ಆದರೆ ಅದು ನನಗೆ ಗೊತ್ತಿರುವ ಯಾರ ದನಿಯೂ ಆಗಿರಲಿಲ್ಲ. ನನ್ನ ಕಿವಿಯೇ ಕಟ್ಟಿಕೊಂಡಿದ್ದಾದರೆ, ಅಕ್ಕನ ದನಿಯನ್ನಲ್ಲವೇ ಅದು ಕಟ್ಟಿಕೊಳ್ಳಬೇಕಾಗಿದ್ದದ್ದು?