ಒಂದನೇ ಚಾಪೆಯ ಅಮ್ಮ

ಕಾಪುವಿನ ನಮ್ಮ ಶಾಲೆಗೆ ಇದ್ದದ್ದು ಒಂದು ಕೋಣೆ, ನಾಲ್ಕು ತರಗತಿ, ಒಬ್ಬಳೇ ಟೀಚರ್. ಆ ಒಬ್ಬಳು ನಾನು. ಎರಡು ಸಾವಿರದ ಆಚೀಚಿನ ವರ್ಷಗಳವು. ಜೊತೆಗಿದ್ದ ಮಾಸ್ತರರನ್ನು ಉಡುಪಿಯ ಕಚೇರಿಗೆ ನಿಯೋಜನೆಯ ಮೇಲೆ ಕರೆಸಿಕೊಂಡಿದ್ದರು. ಹೋದವರು ಮರಳುವ ಲಕ್ಷಣ ಕಾಣಲಿಲ್ಲ. ಇಪ್ಪತ್ತಾರು ಮಕ್ಕಳನ್ನು ನಾಲ್ಕು ಚಾಪೆಗಳ ಮೇಲೆ ಕೂರಿಸಿದೆ. ವಯಸ್ಸು ಎಷ್ಟು ಎಂದು ನೋಡಿ ಅಲ್ಲ, ಏನು ಬರುತ್ತದೆ ಎಂದು ನೋಡಿ. ಕೂಡಿಸಲು ಬಂದು ಓದಲು ಬಾರದವರು ಬೆಳಿಗ್ಗೆ ಓದಿಗೆ ಎರಡನೇ ಚಾಪೆಯಲ್ಲಿ, ಮಧ್ಯಾಹ್ನ ಲೆಕ್ಕಕ್ಕೆ ಮೂರನೆಯದರಲ್ಲಿ. ಹೊರಗಿನವರಿಗೆ ಅದು ಸಂತೆಯ ಹಾಗೆ ಕಾಣುತ್ತಿತ್ತು.

ನಾಲ್ಕು ಚಾಪೆಗೆ ನಾಲ್ಕು ಕಣ್ಣಾದರೂ ಬೇಕಲ್ಲ. ಅದಕ್ಕೆ ಪೋಷಕರಿಗೆ ಪಾಳಿ ಹಾಕಿದೆ. ಮನೆಗೊಬ್ಬರು ಸರದಿಯ ಮೇಲೆ ಬುಧವಾರ ಒಂದು ಗಂಟೆ ಹೊತ್ತು ಬಂದು, ತಮಗೆ ಗೊತ್ತಿದ್ದದ್ದನ್ನು ಕಲಿಸಬೇಕು. ಮೊದಲು ಸಿಕ್ಕಿಬಿದ್ದವರು ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬರು.

"ಎಂತ ಕಲಿಸುವುದು ಟೀಚರ್? ನನಗೆ ಬಸ್ಸಿನ ಬೋರ್ಡು ಓದಲಿಕ್ಕೆ ಮಾತ್ರ ಬರುವುದು."

"ಅದನ್ನೇ ಕಲಿಸಿ," ಎಂದೆ.

ಅವರು ಉಡುಪಿ, ಮಣಿಪಾಲ, ಕಾರ್ಕಳ ಎಂದು ರಟ್ಟಿನ ಮೇಲೆ ಬರೆದು ತಂದರು. ಒಂದನೇ ಚಾಪೆಯವರು ಆ ಮೂರು ಊರನ್ನು ಓದಲು ಕಲಿತರು. ಆದರೆ ವಾರವಿಡೀ ಕೋಣೆ ಬಸ್‌ಸ್ಟ್ಯಾಂಡೇ ಆಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಆ ವಾರ ನಕ್ಕದ್ದೇ ಹೆಚ್ಚು.

ಮೂರನೇ ಚಾಪೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬಳು ಹುಡುಗಿಯಿದ್ದಳು. ಮಣಿಪಾಲದ ಕಟ್ಟಡದ ಕೆಲಸ ಮುಗಿಸಿ ಅವಳ ಸಂಸಾರ ಕಾಪುವಿಗೆ ಬಂದಿತ್ತು. ತಾಯಿ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಯಾರಾದರೂ ಕೇಳಿದರೆ ಮಗಳು ಮಾತ್ರ, "ನಮ್ಮವ್ವ ಮನ್ಯಾಗ ಇರ್ತಾಳ," ಎಂದುಬಿಡುತ್ತಿದ್ದಳು. ಇವಳ ಮನೆಯ ಸರದಿ ಬಂದಾಗ ನಾನು ಎಲ್ಲರಿಗೂ ಬರೆಯುವ ಚೀಟಿಯನ್ನೇ ಬರೆದೆ: ಬುಧವಾರ ಹತ್ತು ಗಂಟೆಗೆ ನಿಮ್ಮ ಪಾಳಿ, ಒಂದನೇ ಚಾಪೆಯಲ್ಲಿ ಕುಳಿತುಕೊಳ್ಳಬೇಕು.

ಚೀಟಿಯನ್ನು ಯಾರಿಂದಲೋ ಓದಿಸಿಕೊಂಡ ತಾಯಿ ಮೇಸ್ತ್ರಿಯನ್ನು ಕೇಳಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೊಸ ಸ್ಲೇಟಿನೊಂದಿಗೆ ಬಂದಳು. ಸ್ಲೇಟು ತಂದದ್ದನ್ನು ಮೆಚ್ಚಿಕೊಂಡು ನಾನು ನಾಲ್ಕನೇ ಚಾಪೆಯ ಭಾಗಾಕಾರಕ್ಕೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ, ಆರು ವರ್ಷದ ಪೋರಿಯೊಬ್ಬಳು ಆಕೆಯ ಕೈಹಿಡಿದು 'ರ' ತಿದ್ದಿಸುತ್ತಿದ್ದಾಳೆ. ಸರಕಾರ ತಾಯಂದಿರಿಗೂ ಅಕ್ಷರ ಕಲಿಸುತ್ತದೆ ಎಂದು ಆಕೆ ನಂಬಿ ಬಂದಿದ್ದಳು. ತಪ್ಪು ನನ್ನ ಚೀಟಿಯದು; ಕಲಿಸಲಿಕ್ಕೆ ಎಂದು ಅದರಲ್ಲಿ ಬರೆದೇ ಇರಲಿಲ್ಲ.

ನಾಲ್ಕನೇ ಚಾಪೆಯವರು ಕಿಸಕ್ಕೆಂದರು. ಮಗಳು ಪುಸ್ತಕದೊಳಗೆ ಮುಖ ಹುದುಗಿಸಿದಳು. "ನೀವು ಕಲಿಸಲಿಕ್ಕೆ ಬಂದದ್ದಲ್ವಾ?" ಎಂಬ ಮಾತು ನನ್ನ ನಾಲಗೆಯವರೆಗೆ ಬಂದಿತ್ತು. ನುಂಗಿಕೊಂಡು, ಬರುವ ಬುಧವಾರವೂ ಬನ್ನಿ ಎಂದೆ.

ಆಕೆ ಬಂದಳು, ಮತ್ತೂ ಬಂದಳು. ಎಷ್ಟು ಚಂದದಿಂದ ಆಕೆಯ ಮರ್ಯಾದೆ ಉಳಿಸಿದೆ ಎಂದು ನಾನೇ ಬೆನ್ನು ತಟ್ಟಿಕೊಂಡೆ. ಆದರೆ ಮಗಳು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದಳು, ತಾಯಿಯ ಜೊತೆ ಅಂಗಳ ದಾಟಲು ಸಹ ಒಪ್ಪುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲಿಲ್ಲ. ಅವಳು ಶಾಲೆಯನ್ನೇ ಬಿಟ್ಟುಬಿಟ್ಟರೆ ಎಂದು ನನಗೆ ಹೆದರಿಕೆಯಾಗತೊಡಗಿತು.

ಐದನೇ ಬುಧವಾರ ತಾಯಿ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿದಳು.

"ಅಕ್ಕೋರ, ಒಂದ್ ಮಾತು ಕೇಳ್ಲೇನ್ರಿ? ಉಳಿದೋರೆಲ್ಲ ಕಲಸಾಕ ಬರ್ತಾರ. ನನ್ನ ಒಬ್ಬಾಕಿನ್ನ ಯಾಕ ಕಲಿಯಾಕ ಕುಂದ್ರಿಸೀರಿ?"

ಕಂಡಕ್ಟರಿಗೆ ಗೊತ್ತಿದ್ದದ್ದನ್ನೇ ಕಲಿಸಿ ಎಂದಿದ್ದ ನಾನು, ಈಕೆಗೆ ಏನು ಗೊತ್ತು ಎಂದು ಕೇಳಿಯೇ ಇರಲಿಲ್ಲ. ಅಕ್ಷರ ಬಾರದವಳಿಗೆ ಬೇರೆ ಏನು ಗೊತ್ತಿದ್ದೀತು ಎಂದು ನಾನೇ ತೀರ್ಮಾನಿಸಿ, ಅದಕ್ಕೆ ದಯೆ ಎಂದು ಹೆಸರಿಟ್ಟಿದ್ದೆ. ನಾಚಿಕೆಯಾಯಿತು.

"ಎಂತ ಕಲಿಸ್ತೀರಿ?" ಎಂದು ಈಗ ಕೇಳಿದೆ.

ಹರಿವೆ, ಬೆಂಡೆ ಹಾಕಲೆಂದು ಅಂಗಳದಲ್ಲಿ ನಾನು ಗೀಟು ಎಳೆದಿದ್ದ ಪಾತಿಗಳನ್ನು ಆಕೆ ನೋಡಿದಳು.

"ಇದನ್ನ ಯಾರು ಹಾಕ್ಯಾರ್ರಿ? ಮೂಲಿ ಎಲ್ಲ ಸೊಟ್ಟ ಅದಾವ."

"ನಾನೇ," ಎಂದೆ.

ಆಕೆ ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ನಾಲ್ಕೂ ಚಾಪೆಯವರನ್ನು ಹೊರಗೆ ಕರೆದು, ಸೊಂಟದಿಂದ ಗಾರೆ ದಾರದ ಉಂಡೆ ತೆಗೆದಳು. ಮೂರು ಗೂಟ ನೆಡಿಸಿದಳು. "ಈ ಕಡೆ ಮೂರು ಅಡಿ, ಆ ಕಡೆ ನಾಕು. ಅಡ್ಡ ಹಿಡದ್ರ ಐದು ಬರಬೇಕು. ಬಂದ್ರ ಮೂಲಿ ನೆಟ್ಟಗ, ಬರ್ಲಿಲ್ಲಂದ್ರ ಗೂಟ ಸರಸ್ರಿ." ಸಣ್ಣವರು ಎಣಿಸಿದರು, ದೊಡ್ಡವರು ಅಳೆದರು. ಐದು ಬಂತು. ನಾನು ಎರಡು ವಾರ ಬೋರ್ಡಿನ ಮೇಲೆ ತಿಣುಕಿದ ಲಂಬಕೋನ ಹತ್ತು ನಿಮಿಷದಲ್ಲಿ ಮಣ್ಣಿನ ಮೇಲೆ ನಿಂತಿತ್ತು. ನಾಲ್ಕನೇ ಚಾಪೆಯವರು, "ಇನ್ನೊಂದು ಮಾಡುವ ಆಂಟಿ," ಎಂದು ಸುತ್ತುಗಟ್ಟಿದರು.

ಎರಡನೇ ಪಾತಿಗೆ ಗೂಟ ಹಿಡಿಯಲು ಯಾರು ಬರುತ್ತೀರಿ ಎಂದು ಆಕೆ ಕೇಳುವ ಮೊದಲೇ, ಜಗಲಿಯ ಕಂಬದ ಹಿಂದೆ ನಿಂತಿದ್ದ ಮಗಳು ಇಳಿದು ಬಂದಳು. ದಾರದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ದೇವಸ್ಥಾನದ ಭಟ್ಟರ ಮಗಳ ಕೈಯಲ್ಲಿ. ಭಟ್ಟರ ಮಗಳ ಹಿಡಿತ ಸ್ವಲ್ಪ ಸಡಿಲವಾಯಿತು.

"ಬಿಗಿ ಹಿಡಿ," ಎಂದು ಇವಳು ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದಳು. "ದಾರ ಸಡ್ಲ ಬಿಟ್ರ ನಮ್ಮವ್ವ ಬೈತಾಳ."