ಮ್ಯಾನೇಜರನ ಮಂಗಳವಾರದ ವೀಕೆಂಡ್

ನಮ್ಮ ಮ್ಯಾನೇಜರ್ ಯಾವ ಆಫೀಸಿನ ಮ್ಯಾನೇಜರೂ ಅಲ್ಲ. ಪರದೇಶದ ದೊಡ್ಡ ಹೋಟೆಲೊಂದರ ಆರನೇ ಮಹಡಿಯಲ್ಲಿ ಟ್ರಾಲಿ ತಳ್ಳಿಕೊಂಡು ಹೋಗಿ, ಗಿರಾಕಿಗಳು ಮಲಗಿ ಎದ್ದ ಹಾಸಿಗೆ ಸರಿಮಾಡಿ, ಬಚ್ಚಲು ತಿಕ್ಕಿ ಬರುವ ರೂಮ್ ಬಾಯ್. ನಲವತ್ತು ಹತ್ತಿರ ಬಂದರೂ ಇನ್ನೂ ಬಾಯ್. ಅವನು ಕೆಳಗೆ ಕಳಿಸುವ ಬೆಡ್‌ಶೀಟುಗಳನ್ನು ನೆಲಮಾಳಿಗೆಯ ಲಾಂಡ್ರಿಯಲ್ಲಿ ಒಗೆಯುವವನು ನಾನು. ಊರಿಗೆ ಫೋನು ಮಾಡುವಾಗ ಮಾತ್ರ ಅವನು ಹೋಟೆಲ್ ಮ್ಯಾನೇಜರ್. ಒಂದೇ ರೂಮಿನಲ್ಲಿ ಮಲಗುವವರಿಗೆ ಫೋನಿನ ಮಾತು ಕೇಳದೆ ಇರುತ್ತದೆಯೇ? ಅಂದಿನಿಂದ ನಾವೂ ಅವನನ್ನು ಮ್ಯಾನೇಜರ್ ಎಂದೇ ಕರೆದೆವು. ನಾವು ಕರೆದದ್ದು ಗೇಲಿಗೆ, ಅವನು ತೆಗೆದುಕೊಂಡದ್ದು ಮರ್ಯಾದೆಗೆ.

ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮೊದಲು ನನ್ನ ಬಾಯಿಗೇ ಸೋಪಿನ ಪುಡಿ ಹಾಕಬೇಕು. ನನಗೆ ಮೈ ಉರಿಯುತ್ತಿದ್ದದ್ದು ಅವನ ಸೋಗು ಕಂಡು. ಆ ಸೋಗು ಪೂರಾ ಬಿಚ್ಚಿಕೊಳ್ಳುತ್ತಿದ್ದದ್ದು ವೀಕೆಂಡಿನಲ್ಲಿ.

ನಮ್ಮ ವೀಕೆಂಡು ಬರುವುದು ಮಂಗಳವಾರ. ಊರಿನವರೆಲ್ಲ ಶನಿವಾರ ಭಾನುವಾರ ಮೋಜು ಮಾಡಲು ಹೋಟೆಲಿಗೆ ಬರುತ್ತಾರಲ್ಲ, ಅವರ ಮೋಜಿನ ಕೊಳೆ ಒಗೆದು ಮುಗಿಸುವ ಹೊತ್ತಿಗೆ ಸೋಮವಾರ ಮಧ್ಯಾಹ್ನವಾಗುತ್ತದೆ. ಆಮೇಲೆ ನಮಗೆ ರಜೆ. ಗಿರಾಕಿಗಳನ್ನು ಏರ್‌ಪೋರ್ಟಿನಿಂದ ಕರೆತರುವ ಡ್ರೈವರ್ ನಮ್ಮ ಗೆಳೆಯ. ರಜೆಯ ದಿನ ಹೋಟೆಲಿನ ಸಾಹೇಬರನ್ನು ಕೇಳಿ ಹಳೇ ವ್ಯಾನು ತರುತ್ತಿದ್ದ. ಹಿಂದಿನ ಸೀಟಿನಲ್ಲಿ ನಾನು, ಮುಂದಿನ ಸೀಟಿನಲ್ಲಿ ಮ್ಯಾನೇಜರ್. ಕೆರೆಯೋ ಬೆಟ್ಟವೋ ಸಮುದ್ರವೋ, ಡೀಸೆಲ್ ಮುಗಿಯುವುದರೊಳಗೆ ಎಲ್ಲಿಗೆ ಹೋಗಿಬರಬಹುದೋ ಅಲ್ಲಿಗೆ ಸವಾರಿ.

ಸವಾರಿಗೆ ಅವನದೊಂದು ಕೋಟು ಇತ್ತು. ಯಾರೋ ಗಿರಾಕಿ ರೂಮಿನಲ್ಲಿ ಬಿಟ್ಟುಹೋದದ್ದು, ವರ್ಷವಾದರೂ ಕೇಳಿಕೊಂಡು ಬರಲಿಲ್ಲವೆಂದು ಇವನ ಪಾಲಿಗೆ ಬಂದಿತ್ತು. ತೋಳು ಉದ್ದ, ಹೆಗಲು ಜೋಲು. ಅದನ್ನು ಹಾಕಿಕೊಂಡು ಬೇರೆಯವರ ಕಾರಿಗೆ ಒರಗಿ, ನಾವು ಕಾಲಿಡಲಾಗದ ಹೋಟೆಲುಗಳ ಬಾಗಿಲಲ್ಲಿ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಎದುರಿಗೆ ಸಮುದ್ರ ಭೋರ್ಗರೆಯುತ್ತಿದ್ದರೆ ಇವನು ಅದಕ್ಕೆ ಬೆನ್ನು ಹಾಕಿ, "ಲೋ, ಫೋಟೋದಲ್ಲಿ ಶೂ ಬೀಳದ ಹಾಗೆ ತೆಗಿ" ಎನ್ನುತ್ತಿದ್ದ. ಶೂ ಹೋಟೆಲಿನದು, ಅಡಿಭಾಗ ರಬ್ಬರಿನದು. ಫೋಟೋಗಳನ್ನು ಕೂಡಲೇ ಕಳಿಸುತ್ತಲೂ ಇರಲಿಲ್ಲ. ಮಂಗಳವಾರ ಅಲೆಯುವ ಮ್ಯಾನೇಜರ್ ಎಲ್ಲಾದರೂ ಉಂಟೇ? ಭಾನುವಾರದವರೆಗೆ ಬಚ್ಚಿಟ್ಟು, ಬಚ್ಚಲು ತಿಕ್ಕುವ ನಡುವೆ ಊರಿಗೆ ಕಳಿಸುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು.

ಆ ಫೋಟೋ ನೋಡಿ ಹೆಣ್ಣು ಕೊಡಲು ಒಂದು ಮನೆಯವರು ಮುಂದೆ ಬಂದರು. ಹುಡುಗಿ ಹೊಲಿಗೆ ಹಾಕುತ್ತಿದ್ದಳಂತೆ, ಗಟ್ಟಿಗಿತ್ತಿ. ಫೋನಿನಲ್ಲಿ ಅವಳ ನಗು ನಮ್ಮ ಮಂಚದವರೆಗೂ ಕೇಳುತ್ತಿತ್ತು. ಒಂದು ದಿನ ಅವಳು, "ಅಲ್ಲಿ ನಿಮಗೆ ಹಾಸಿಗೆಗೀಸಿಗೆ ಯಾರು ಹಾಸಿಕೊಡ್ತಾರೆ?" ಎಂದು ಕೇಳಿದಳು. ಇವನು ಗಂಟಲು ಸರಿಮಾಡಿಕೊಂಡು, "ಅದಕ್ಕೆಲ್ಲ ಹುಡುಗ್ರಿದ್ದಾರೆ" ಎಂದ. ನಾನು ದಿಂಬಿಗೆ ಮುಖ ಒತ್ತಿಕೊಂಡು ನಕ್ಕೆ. ಆದರೆ ಅವಳ ಫೋನು ಬರುವ ದಿನ ಅವನು ತಲೆ ಬಾಚಿಕೊಂಡು ಕೂರುತ್ತಿದ್ದದ್ದನ್ನೂ ನಾನು ನೋಡಿದ್ದೇನೆ. ಫೋನಿಗೆ ತಲೆ ಬಾಚುವವನು! ಎಷ್ಟೋ ಕಡೆ ಮಾತು ಮುರಿದ ಮೇಲೆ ಬಂದ ಸಂಬಂಧ ಇದು. ಇದೂ ಕೈತಪ್ಪಿದರೆ ತನಗಿನ್ನು ಮದುವೆಯಿಲ್ಲ ಎಂದು ಅವನೇ ಹೇಳಿಕೊಂಡಿದ್ದ.

ಮಾತುಕತೆ ಮುಗಿಯುವ ಮುನ್ನ ಹುಡುಗಿಯ ಸೋದರಮಾವ ಗಂಡನ್ನು ಕಣ್ಣಾರೆ ನೋಡಬೇಕಿತ್ತು. ಆ ಮಾವನೂ ಇದೇ ದೇಶದಲ್ಲಿ, ಪಕ್ಕದ ಊರಿನಲ್ಲಿ ಬ್ಯಾಂಕ್ ಆಫೀಸರಂತೆ. ಹೋಟೆಲಿಗೇ ಬರುತ್ತೇನೆ ಎಂದರು. ಮ್ಯಾನೇಜರನ ಜೀವ ಬಾಯಿಗೆ ಬಂತು. "ಹೋಟೆಲಲ್ಲಿ ಕೂತು ಏನು ಮಾತಾಡೋದು ಸರ್, ವೀಕೆಂಡಿಗೆ ಎಲ್ಲಾದ್ರೂ ಹೋಗಿಬರೋಣ, ಮಂಗಳವಾರ ಆಗುತ್ತಾ?" ಎಂದ. "ಮಂಗಳವಾರ ನನಗೂ ಬಿಡುವು" ಎಂದರು ಮಾವ. ಬ್ಯಾಂಕಿನವರಿಗೆ ಮಂಗಳವಾರ ಎಲ್ಲಿಯ ಬಿಡುವು ಎಂದು ಇವನು ಯೋಚಿಸಲಿಲ್ಲ, ಮ್ಯಾನೇಜರನಿಗೆ ಎಲ್ಲಿಯದು ಎಂದು ಅವರೂ ಯೋಚಿಸಲಿಲ್ಲ. ತಮ್ಮ ಸುಳ್ಳು ಕಾಯುವುದರಲ್ಲೇ ಇಬ್ಬರಿಗೂ ಕೈತುಂಬ ಕೆಲಸ.

ಸೋಮವಾರ ಸಂಜೆ ಸಮುದ್ರದ ಹತ್ತಿರದ ಲಾಡ್ಜಿನಲ್ಲಿ ಎರಡು ರೂಮು ಹಿಡಿದೆವು, ಒಂದು ಮಾವನಿಗೂ ಮ್ಯಾನೇಜರನಿಗೂ, ಇನ್ನೊಂದು ನನಗೂ ಡ್ರೈವರನಿಗೂ. ಮೊದಲೆಲ್ಲ ವ್ಯಾನಿನಲ್ಲೇ ಮುದುಡಿಕೊಂಡು ಮಲಗುತ್ತಿದ್ದವರು, ಮಾವನ ದೆಸೆಯಿಂದ ಹಾಸಿಗೆ ಕಂಡೆವು. ಹೊರಡುವ ಮುಂಚೆ ಮ್ಯಾನೇಜರ್ ನನಗೂ ಡ್ರೈವರನಿಗೂ ಪಾಠ ಹೇಳಿದ್ದ. "ನೋಡ್ರೋ, ಬೆಳಿಗ್ಗೆ ಎದ್ದ ಮೇಲೆ ಯಾರೂ ಹಾಸಿಗೆ ಮುಟ್ಟಬಾರದು. ಹಾಗೇ ಕೆದರಿ ಬಿಟ್ಟು ಬರಬೇಕು. ದೊಡ್ಡವರು ಹಾಗೇ ಬಿಡೋದು."

"ಬಚ್ಚಲಲ್ಲಿ ನೀರೂ ಚೆಲ್ಲಬೇಕಾ?" ಎಂದು ಡ್ರೈವರ್ ಕೇಳಿದ.

"ಚೆಲ್ಲು. ಟವೆಲ್ಲೂ ನೆಲಕ್ಕೆ ಹಾಕು" ಎಂದ ಮ್ಯಾನೇಜರ್, ಚೂರೂ ನಗದೆ.

ಮಾವ ಬಂದರು. ಕರಿ ಪ್ಯಾಂಟು, ಬಿಳಿ ಷರಟು, ಎಣ್ಣೆ ಹಚ್ಚಿ ಬಾಚಿದ ತಲೆ. ಸಂಜೆಯೆಲ್ಲ ಮರಳಿನ ಮೇಲೆ ಇಬ್ಬರೂ ಪೈಪೋಟಿಗೆ ಬಿದ್ದು ದೊಡ್ಡಸ್ತಿಕೆ ಕೊಚ್ಚಿದರು. "ನನ್ನ ಕೈಕೆಳಗೆ ಅರವತ್ತು ಜನ ಇದ್ದಾರೆ ಸರ್" ಎಂದ ಇವನು. ಆರನೇ ಮಹಡಿಯ ಅರವತ್ತು ದಿಂಬುಗಳು ನನ್ನ ಕಣ್ಣ ಮುಂದೆ ಬಂದವು. "ನಾನು ಹೋಗದಿದ್ರೆ ನಮ್ಮಲ್ಲಿ ಒಂದು ಕೆಲಸಾನೂ ನಡೆಯಲ್ಲ" ಎಂದರು ಅವರು. ಅಲೆ ಬಂದು ಇಬ್ಬರ ಶೂ ಒದ್ದೆ ಮಾಡಿತು. ನಮಗಂತೂ ಕೇಳಿ ಕೇಳಿ ಕಿವಿ ತೂತು ಬಿತ್ತು. ಕೊನೆಗೆ ಮಾವ ಇವನ ಬೆನ್ನು ತಟ್ಟಿ, "ಹುಡುಗಿಗೆ ನಿಮ್ಮ ಮೇಲೆ ಮನಸ್ಸಿದೆ. ನನಗೂ ಒಪ್ಪಿಗೆ. ನಾಳೆ ಊರಿಗೆ ಫೋನು ಮಾಡಿ ಹೇಳಿಬಿಡ್ತೀನಿ" ಎಂದರು. ಇವನ ಮುಖ ಊರಗಲ ಆಯಿತು.

ಬೆಳಿಗ್ಗೆ ತಿಂಡಿಗೆ ಕರೆಯಲು ಅವರ ರೂಮಿಗೆ ಹೋದೆ. ಬಾಗಿಲು ತೆರೆದಿತ್ತು. ಮಾವ ಸ್ನಾನಕ್ಕೆ ಹೋಗಿದ್ದರು. ನಮ್ಮ ಮ್ಯಾನೇಜರ್ ಮೈಮೇಲೆ ಕೋಟು ಹಾಕಿಕೊಂಡೇ ಮಾವನ ಹಾಸಿಗೆಯ ಬೆಡ್‌ಶೀಟು ಎಳೆದು, ಮೂಲೆ ಮಡಿಚಿ, ಅಂಗೈಯಿಂದ ನೀವಿ ಒಳಗೆ ಸೇರಿಸುತ್ತಿದ್ದ. ತನ್ನದನ್ನು ಆಗಲೇ ಮುಗಿಸಿದ್ದ. ದಿಂಬುಗಳು ಉಬ್ಬಿ ಕೂತಿದ್ದವು, ಮಾವನ ಚಪ್ಪಲಿ ಮಂಚದ ಕೆಳಗೆ ಜೋಡಿಯಾಗಿದ್ದವು. ಏನೋ ಗುನುಗುತ್ತಿದ್ದ. ಪಾಪ, ಖುಷಿಯಲ್ಲಿ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿಬಿಟ್ಟಿತ್ತು.

"ಲೋ!" ಎಂದೆ. ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆದು ಮಾವ ಹೊರಬಂದರು. ಆಗಲೂ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇವನು ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒತ್ತಿಕೊಂಡು, ತಲೆ ಬಗ್ಗಿಸಿ, "ಗುಡ್ ಮಾರ್ನಿಂಗ್ ಸರ್, ರೂಮ್ ರೆಡಿ ಇದೆ" ಎಂದುಬಿಟ್ಟ.

ಮಾವ ಹಾಸಿಗೆ ನೋಡಿದರು, ಕೋಟು ನೋಡಿದರು. ಷರಟು ಹಾಕಿಕೊಂಡು, ಜೇಬಿನಿಂದ ಒಂದು ನೋಟು ತೆಗೆದು ದಿಂಬಿನ ಮೇಲಿಟ್ಟು, ತಿಂಡಿಗೆ ಇಳಿದುಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಗೇಲಿ ಮಾಡುವ ಹಕ್ಕು ಜೊತೆಗೆ ದುಡಿಯುವ ನಮ್ಮದು, ಈ ಬ್ಯಾಂಕಿನವನು ಯಾರು? ಮ್ಯಾನೇಜರ್ ಮಾತ್ರ ನೋಟನ್ನು ಮಡಿಚಿ ಜೇಬಿಗಿಟ್ಟುಕೊಂಡು ಕೆಳಗೆ ಬಂದ.

ತಿಂಡಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಡಿಸಲು ಒಬ್ಬನೇ ಒಬ್ಬ, ಎಲ್ಲ ಕಡೆಯಿಂದ ಜನ ಅವನನ್ನು ಕೂಗುತ್ತಿದ್ದರು. ತಿಂದು ಮುಗಿಯಿತು. ಮೂಲೆಯಲ್ಲಿ ಕುಟುಂಬವೊಂದು ಕುರ್ಚಿಗಾಗಿ ಕಾಯುತ್ತ ನಿಂತಿತ್ತು. ಮಾವ ಅವರನ್ನು ನೋಡಿದವರೇ ಎದ್ದರು. ನಮ್ಮ ಎಂಜಲನ್ನೆಲ್ಲ ಒಂದು ತಟ್ಟೆಗೆ ಸರಿಸಿ, ತಟ್ಟೆಗಳನ್ನು ಎಡಗೈಯ ಮೇಲೆ ಮೊಣಕೈತನಕ ಸಾಲಾಗಿ ಜೋಡಿಸಿ, ಬಲಗೈ ಬೆರಳುಗಳಿಗೆ ಲೋಟಗಳನ್ನು ಸಿಕ್ಕಿಸಿ, "ಸೈಡ್, ಸೈಡ್" ಎನ್ನುತ್ತ ಅಡುಗೆಮನೆಯ ಬಾಗಿಲನ್ನು ಬೆನ್ನಿನಿಂದ ತಳ್ಳಿದರು. ಬಾಗಿಲು ಅರ್ಧ ತೆರೆದಾಗ ಎಚ್ಚರವಾಯಿತು. ಕೈತುಂಬ ತಟ್ಟೆ ಹೊತ್ತು ಅಲ್ಲೇ ಕಲ್ಲಾದರು.

"ಬ್ಯಾಂಕು" ಎಂದ ಡ್ರೈವರ್. ಅವನಿಗೆ ಕೆಮ್ಮು ಹತ್ತಿತು.

ಈಗಲಾದರೂ ಇಬ್ಬರೂ ನಕ್ಕುಬಿಡಬಹುದಿತ್ತು. ಹಾಸಿಗೆ ಹಾಸುವವನು, ತಟ್ಟೆ ಎತ್ತುವವನು, ಇದಕ್ಕಿಂತ ಸರಿಜೋಡಿ ಬೀಗಸ್ತನ ಬೇಕೇ? ನಾನಂತೂ ಇನ್ನೇನು ನಗುತ್ತಾರೆ ಎಂದೇ ಕಾದೆ. ಮಾವ ವಾಪಸು ಬಂದರು. ನಮ್ಮ ಮ್ಯಾನೇಜರ್ ಜೇಬಿನಿಂದ ಅದೇ ನೋಟನ್ನು ತೆಗೆದು, ಅವರ ಮುಂದೆ ಉಳಿದಿದ್ದ ಸಕ್ಕರೆ ಬಟ್ಟಲಿನ ಕೆಳಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡು ಎದ್ದುಹೋದ. ದೊಡ್ಡಸ್ತಿಕೆ ಎಂದರೆ ಇದು! ಮಾವ ಬಸ್ಸು ಹಿಡಿದು ಹೋದರು.

ಆಮೇಲೆ ಊರಿನ ಎರಡೂ ಮನೆಗಳಿಗೆ ಫೋನು ಹೋಯಿತು. "ಬಚ್ಚಲು ತಿಕ್ಕೋನಿಗೆ ಹೆಣ್ಣು ಕೊಡೋದಾ?" ಎಂದರಂತೆ ಮಾವ. "ತಟ್ಟೆ ಎತ್ತೋರ ಮನೆ ಹೆಣ್ಣು ನಮ್ಮ ಅಂತಸ್ತಿಗೆ ಬೇಡಮ್ಮ" ಎಂದು ಇವನು ತಾಯಿಗೆ ಹೇಳಿದ್ದನ್ನು ನಾನೇ ಕೇಳಿದೆ. "ಒಳ್ಳೇದಾಯ್ತು ಬಿಡು ಮಗಾ, ನಿನಗೇನು ಕಮ್ಮಿ" ಎಂದರು ಆ ತಾಯಿ. ಮಾವನದೂ ಇವನದೂ ಒಂದೇ ಕಥೆ, ಮಸಿ ಇದ್ದಿಲಿಗೆ ಬುದ್ಧಿ ಹೇಳಿತಂತೆ.

ಮುಗಿಯಿತು ಎಂದುಕೊಂಡಿದ್ದಾಗ ಒಂದು ಸಂಜೆ ಹುಡುಗಿಯೇ ಫೋನು ಮಾಡಿದಳು. ಇವನು ತಡಬಡಿಸಿ ಸ್ಪೀಕರ್ ಒತ್ತಿಬಿಟ್ಟ, ತಲೆ ಬಾಚಲು ಪುರುಸೊತ್ತು ಸಿಗಲಿಲ್ಲ.

"ಮಾವ ಬ್ಯಾಂಕಲ್ಲಿಲ್ಲ ಅನ್ನೋದು ನಮ್ಮನೇಲಿ ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಹಾಗೆ ಹೇಳ್ತೀವಿ, ಅಷ್ಟೇ" ಎಂದಳು. "ಅವರು ನಿಮ್ಮನ್ನ ಬಯ್ದ್ರೂ ಒಂದು ಮಾತು ಹೇಳಿದ್ರು. ನೀವು ಹಾಸಿದ ಹಾಸಿಗೇಲಿ ಒಂದು ಸುಕ್ಕೂ ಇರಲಿಲ್ಲವಂತೆ. ನಾನೂ ದಿನಾ ಬಟ್ಟೆ ಜೊತೆ ಗುದ್ದಾಡೋಳು, ಅದೆಷ್ಟು ಕಷ್ಟ ಅಂತ ಗೊತ್ತು. ಮನೆಯವರನ್ನ ನಾನು ಒಪ್ಪಿಸ್ತೀನಿ. ನೀವು ನನ್ನ ಹತ್ರ ನಿಜ ಹೇಳಿ ಸಾಕು. ಅದು ನೀವೇ ತಾನೇ ಹಾಸಿದ್ದು?"

ಡ್ರೈವರ್ ಮಂಚದ ಮೇಲೆ ಎದ್ದು ಕೂತ. ಹೌದು ಅನ್ನು, ಹೌದು ಅನ್ನು ಎಂದು ನಾನು ಕೈಸನ್ನೆ ಮಾಡಿದೆ. ಮ್ಯಾನೇಜರ್ ನನ್ನ ಮುಖ ನೋಡಿದ. ಮೊಳೆಗೆ ನೇತುಹಾಕಿದ ಕೋಟು ನೋಡಿದ. ಗಂಟಲು ಸರಿಮಾಡಿಕೊಂಡ.

"ಛೇ, ನಾನಲ್ಲ. ನನ್ನ ಜೊತೆ ಬಂದಿದ್ದನಲ್ಲ, ಲಾಂಡ್ರಿ ಹುಡುಗ, ಅವನು ಹಾಸಿದ್ದು" ಎಂದ.

ಆ ಕಡೆ ಹೊಲಿಗೆ ಯಂತ್ರ ಒಮ್ಮೆ ತಿರುಗಿ ನಿಂತಿತು. ಆಮೇಲೆ ಅವಳು, "ಹೌದಾ, ಸರಿ ಹಾಗಾದ್ರೆ" ಎಂದು ಫೋನಿಟ್ಟಳು.

ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಎದ್ದು ತನ್ನ ಹಾಸಿಗೆಯ ಚಾದರ ಕೊಡವಿ, ಮೂಲೆ ಮಡಿಚಿ, ಅಂಗೈಯಿಂದ ನೀವಿ ನೀವಿ ಹಾಸಿದ. ಮತ್ತೆ ಕಿತ್ತು ಮತ್ತೆ ಹಾಸಿದ. ಅವಳ ಫೋನು ಮತ್ತೆ ಬರಲಿಲ್ಲ.